ಬೆಳ್ಳಗಾಗುವ ಮನೆ

ನಮ್ಮ ಮನೆಗೆ ಮದುವೆಯಾಗಿ ಬಂದ ಹೆಣ್ಣುಮಕ್ಕಳೆಲ್ಲ ಬೆಳ್ಳಗಾಗುತ್ತಿದ್ದರು. ಇದು ಆಯಿಯ ಹೆಮ್ಮೆ. ಅಪ್ಪನ ತಾಯಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಬೀಗರ ಮುಂದೆ, ಬಳೆಗಾರನ ಮುಂದೆ, ಬಸ್ಸಿನಲ್ಲಿ ಪಕ್ಕಕ್ಕೆ ಕೂತ ಗುರುತಿಲ್ಲದ ಹೆಂಗಸಿನ ಮುಂದೆ ಕೂಡ ಆಕೆ ಇದನ್ನು ಹೇಳದೆ ಬಿಡುತ್ತಿರಲಿಲ್ಲ. ಮೊದಲ ವರ್ಷ ಕೆನ್ನೆಯ ಕಪ್ಪು ಇಳಿಯುತ್ತದೆ, ಎರಡನೇ ವರ್ಷ ಅಂಗೈ ಬಿಳುಪಾಗುತ್ತದೆ, ಮೂರನೆಯ ವರ್ಷ ತವರಿನವರೇ ಗುರುತು ಹಿಡಿಯುವುದಿಲ್ಲ ಎಂದು. ಕೇಳಿದವರು ಹೊಟ್ಟೆಕಿಚ್ಚಿನಿಂದ ನಮ್ಮ ಮುಖ ನೋಡುತ್ತಿದ್ದರು. ನಾನೂ ಬೆಳ್ಳಗಿದ್ದೆ. ಶಾಲೆಯಲ್ಲಿ ನನ್ನನ್ನು ಸುಣ್ಣದ ನೀಲಾ ಎನ್ನುತ್ತಿದ್ದರು. ನನಗೆ ಅದರಲ್ಲಿ ಜಂಬ ಇತ್ತೆಂದು ಬರೆಯಲು ಈಗ ನಾಚಿಕೆಯಾಗುತ್ತದೆ.

ರಾಣೆಬೆನ್ನೂರಿನಿಂದ ಐರಣಿ ಕಡೆಗೆ ಹೋಗುವ ದಾರಿಯಲ್ಲಿ ನಮ್ಮೂರು. ಮನೆ ಮಣ್ಣಿನದು. ಮುಂದೆ ಪಡಸಾಲೆ, ಅದರಲ್ಲಿ ಬಣ್ಣದ ಟೀವಿ, ಟೀವಿಯ ಮೇಲೆ ಆಯಿ ಹೆಣೆದ ಕುಚ್ಚಿನ ಬಟ್ಟೆ. ಆಮೇಲೆ ನಡುಮನೆ, ಅಡುಗೆಮನೆ, ಎಲ್ಲಕ್ಕೂ ಹಿಂದೆ ಕಾಳಿನ ಕೋಣೆ. ಕಾಳಿನ ಕೋಣೆಗೆ ಕಿಟಕಿಯಿರಲಿಲ್ಲ. ಮೇಲ್ಮುದ್ದೆಯಲ್ಲಿ, ಎಂದರೆ ಮಣ್ಣಿನ ಮಾಳಿಗೆಯಲ್ಲಿ, ಒಂದು ಬೆಳಕಿಂಡಿ, ಅದರಿಂದ ಮಧ್ಯಾಹ್ನ ತಾಟಿನಷ್ಟಗಲದ ಬಿಸಿಲು ಇಳಿದು, ಜೋಳದ ಚೀಲಗಳ ಮೇಲೆ ನಿಧಾನ ಸರಿದು, ಗೋಡೆ ಹತ್ತಿ ಹೋಗಿಬಿಡುತ್ತಿತ್ತು. ಕಾಕಾ, ಅಂದರೆ ಅಪ್ಪನ ತಮ್ಮ, ಹೊಸದಾಗಿ ಮೊಬೈಲು ತಂದಿದ್ದ. ಮನೆಯ ಒಳಗೆ ಅದು ಸತ್ತಂತಿರುತ್ತಿತ್ತು. ಮೇಲ್ಮುದ್ದೆ ಹತ್ತಿ ನಿಂತರೆ ಮಾತ್ರ ಮಾತು ಕೇಳಿಸುತ್ತಿತ್ತು. ಇಂಥ ಗೋಡೆಗಳ ಒಳಗೆ ಹೊರಗಿನದು ಏನೂ ಬರುವುದಿಲ್ಲ ಎಂದು ನಾನು ನಂಬಿದ್ದೆ.

ಹಿತ್ತಲ ಬಾಗಿಲಿನಿಂದ ನೂರು ಹೆಜ್ಜೆ ನಡೆದರೆ ಎಲೆತೋಟ. ನಮ್ಮ ಮನೆಯ ಊಟ, ಬಟ್ಟೆ, ಮದುವೆ ಎಲ್ಲ ಆ ವೀಳ್ಯದೆಲೆಯಿಂದ ಬಂದದ್ದು. ನುಗ್ಗೆ ಮತ್ತು ಚೊಗಚೆ ಮರಗಳಿಗೆ ಬಳ್ಳಿ ಹಬ್ಬಿಸಿದ್ದರು. ಹೊರಗೆ ಬಿಸಿಲು ತಲೆ ಸುಡುತ್ತಿದ್ದರೂ ಒಳಗೆ ಕಾಲಿಟ್ಟ ಕೂಡಲೇ ತಂಪು ಮೈಗೆ ತಗಲುತ್ತಿತ್ತು; ಬೆಳಕೆಲ್ಲ ಹಸಿರು, ಗಾಳಿ ಆಡುತ್ತಿರಲಿಲ್ಲ, ನೆಲ ಯಾವಾಗಲೂ ಹಸಿ. ತೋಟದ ಬಾಯಿಯಲ್ಲಿ ಕುಂಕುಮ ಹಚ್ಚಿದ ಒಂದು ಕಲ್ಲು, ಅದೇ ತೋಟದವ್ವ. ಆಕೆಯ ಕಟ್ಟಳೆಗಳನ್ನು ನಾನು ಮಗ್ಗಿಗಿಂತ ಮೊದಲು ಕಲಿತೆ. ಚಪ್ಪಲಿ ಹಾಕಬಾರದು, ಉಗುಳಬಾರದು, ದನಿ ಎತ್ತಿ ಮಾತಾಡಬಾರದು, ಮುಟ್ಟಾದವರು ಬೇಲಿಯ ಹತ್ತಿರ ಸುಳಿಯಬಾರದು. ಎಲೆ ಕೊಯ್ಯುವವರು ಒಬ್ಬರ ಹಿಂದೆ ಒಬ್ಬರು ಬರಿಗಾಲಲ್ಲಿ ಸದ್ದಿಲ್ಲದೆ ನಡೆಯುತ್ತಿದ್ದರು. ಎಷ್ಟೋ ಸಲ ಪಕ್ಕದ ಸಾಲಿನಲ್ಲಿ ಯಾರೋ ಇದ್ದಾರೆ ಎನ್ನಿಸಿ ಬಳ್ಳಿ ಸರಿಸಿ ನೋಡಿದರೆ ಯಾರೂ ಇರುತ್ತಿರಲಿಲ್ಲ.

ಮನೆಗೆ ಬಂದ ಹೊಸ ಸೊಸೆಯನ್ನು ಐದನೆಯ ದಿನ ಆಯಿ ತೋಟಕ್ಕೆ ಕರೆದೊಯ್ಯುತ್ತಿದ್ದಳು. ಮರುದಿನ ಸೊಸೆಯ ಕಾಲ್ಬೆರಳ ಸಂದಿಯಲ್ಲಿ ಕೆಂಪು ಗುಳ್ಳೆ ಎದ್ದು ತುರಿಸತೊಡಗಿದರೆ ಆಯಿಗೆ ಹಿಗ್ಗು. ತೋಟದವ್ವ ಹಿಡಿದುಕೊಂಡಳು, ಇನ್ನು ಈಕೆ ನಮ್ಮವಳು ಎನ್ನುತ್ತಿದ್ದಳು. ಗುಳ್ಳೆ ಏಳದಿದ್ದರೆ ಮತ್ತೆ ಮತ್ತೆ ಕರೆದೊಯ್ಯುತ್ತಿದ್ದಳು, ಏಳುವ ತನಕ. ಮಳೆಗಾಲದಲ್ಲಿ ನನ್ನ ಕಾಲಲ್ಲೂ ಅವು ಏಳುತ್ತಿದ್ದವು. ರಾತ್ರಿ ಹಾಸಿಗೆಯಲ್ಲಿ ಹಿಮ್ಮಡಿಯಿಂದ ಉಜ್ಜಿಕೊಳ್ಳುತ್ತ, ನನ್ನನ್ನೂ ಹಿಡಿದುಕೊಂಡಿದ್ದಾಳೆ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ನನಗೆ ನಾಲ್ಕು ವರ್ಷವಿದ್ದಾಗ ಅವ್ವ ಎರಡನೆಯ ಹೆರಿಗೆಯಲ್ಲಿ ತೀರಿಕೊಂಡಳು. ಕೂಸೂ ಉಳಿಯಲಿಲ್ಲ. ನಮ್ಮಲ್ಲಿ ಸತ್ತವರನ್ನು ಕೂರಿಸುತ್ತಾರೆ. ಪಡಸಾಲೆಯ ಗೋಡೆಗೆ ಆನಿಸಿ, ಹಣೆ ತುಂಬ ವಿಭೂತಿ ಹಚ್ಚಿ, ಕೊರಳಿಗೆ ಹೂವು ಹಾಕಿ ಕೂರಿಸಿದ್ದರು. ನಾನು ಎದುರಿಗೆ ನಿಂತಿದ್ದೆ. ಅವ್ವ ಎಂದೂ ಅಷ್ಟು ಹೊತ್ತು ಸುಮ್ಮನೆ ಕೂತದ್ದನ್ನು ನಾನು ಕಂಡಿರಲಿಲ್ಲ. ವಿಭೂತಿ ಎಲ್ಲಿ ಮುಗಿದು ಹಣೆ ಎಲ್ಲಿ ಶುರುವಾಗುತ್ತದೆ ಎಂದು ತಿಳಿಯುತ್ತಿರಲಿಲ್ಲ, ಅಷ್ಟು ಬೆಳ್ಳಗಿದ್ದಳು. ಸುತ್ತ ಕೂತ ಹೆಂಗಸರು ಅಳುವುದರ ನಡುವೆಯೂ ಎಷ್ಟು ಚೆಂದ ಕಾಣುತ್ತಾಳೆ ಎಂದರು. ಹೆರಿಗೆಯಲ್ಲಿ ರಕ್ತ ಹೋಯಿತು, ಮೈಯಲ್ಲಿ ಇದ್ದದ್ದೇ ಸ್ವಲ್ಪ ಎಂದು ಯಾರೋ ಹೇಳಿದ್ದು ನನ್ನ ಕಿವಿಯಲ್ಲಿ ಉಳಿಯಿತು. ಇದ್ದದ್ದೇ ಸ್ವಲ್ಪ ಯಾಕಿತ್ತು, ಉಳಿದದ್ದು ಎಲ್ಲಿ ಹೋಗಿತ್ತು ಎಂದು ಯಾರೂ ಕೇಳಲಿಲ್ಲ.

ಮೂರು ವರ್ಷದ ನಂತರ ಕಾಕಾನ ಮದುವೆಯಾಗಿ ಚಿಗವ್ವ ಬಂದಳು. ಹೆಸರು ಗಿರಿಜಾ, ಬ್ಯಾಡಗಿಯವಳು. ಆಕೆಯ ತವರಿನಲ್ಲಿ ಹೆಂಗಸರೆಲ್ಲ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಿದ್ದರು, ಈಕೆಯೂ ಹೋಗಿದ್ದಳು. ಅಂಗೈ ಕೆಂಪಗೆ, ಒರಟು. ನನಗೆ ತಲೆ ಬಾಚುವಾಗ ಕೈ ಕಣ್ಣಿಗೆ ತಾಗಿದರೆ ಉರಿಯುತ್ತದೆ ಎಂದು ನಾನು ಸುಳ್ಳೇ ಕಿರುಚಿ, ಆಕೆ ನಂಬಿ ಗಾಬರಿಯಾದಾಗ ನಗುತ್ತಿದ್ದೆ. ಬಣ್ಣ ಕಪ್ಪು, ದನಿ ಜೋರು, ತುಂಬಿದ ಕೊಡ ಎರಡನ್ನು ಒಮ್ಮೆಗೇ ಹೊತ್ತು ಬರುವ ಮೈ. ಮದುವೆಗೆ ಬಂದವರು ಬಣ್ಣದ ಬಗ್ಗೆ ಪಿಸುಗುಟ್ಟಿದಾಗ ಆಯಿ ಕೈಯಾಡಿಸಿ ನಕ್ಕಳು. ನಮ್ಮ ಮನೆಗೆ ಬಂದಳಲ್ಲ, ಇನ್ನು ಬೆಳ್ಳಗಾಗುತ್ತಾಳೆ ಎಂದಳು. ತೋಟಕ್ಕೆ ಹೋಗಿ ಬಂದ ದಿನ ಚಿಗವ್ವ ಹಿತ್ತಲ ಕಲ್ಲಿನ ಮೇಲೆ ಕಾಲು ತೊಳೆಯುತ್ತ ನನ್ನನ್ನು ಹತ್ತಿರ ಕರೆದು ಕೇಳಿದಳು:

“ನೀಲಾ, ಆ ತ್ವಾಟದಾಗ ನನಗ ಯಾರೋ ಕಾಲ ಮುಟ್ಟಿದಂಗ ಆತು. ನಿನಗೂ ಹಂಗ ಆಗತೈತೇನು?”

ನಾನು ಹೌದೆಂದು ತಲೆಯಾಡಿಸಿದೆ. ನನಗೆ ಒಬ್ಬಳು ಜೊತೆ ಸಿಕ್ಕಳು ಎಂಬ ಖುಷಿ.

ಚಿಗವ್ವ ಆಯಿ ಹೇಳಿದಂತೆಯೇ ಬೆಳ್ಳಗಾದಳು. ಕೆನ್ನೆ, ಆಮೇಲೆ ತುಟಿ, ಆಮೇಲೆ ಉಗುರು. ಕೊಡ ಎರಡರ ಬದಲು ಒಂದಾಯಿತು, ಆ ಒಂದನ್ನೂ ನಡುವೆ ಇಳಿಸಿ ನಿಲ್ಲತೊಡಗಿದಳು. ಎದೆ ಬಡಿತ ತನಗೇ ಕೇಳಿಸುತ್ತದೆ, ಕಿವಿಯಲ್ಲಿ ಯಾರೋ ಒನಕೆ ಹಾಕಿದಂತೆ ಎನ್ನುತ್ತಿದ್ದಳು. ಮೊದಲ ಬಸಿರು ಮೂರು ತಿಂಗಳಿಗೇ ಹೋಯಿತು. ಆಯಿ ಒಂದು ದಿನ ಉಣ್ಣಲಿಲ್ಲ, ಎರಡನೆಯ ದಿನ ಎದ್ದು ಹಣ್ಣುಕಾಯಿ ಹಿಡಿದು ತೋಟಕ್ಕೆ ಹೋದಳು. ನನಗೆ ಹತ್ತು ವರ್ಷವಾದಾಗ ಚಿಗವ್ವ ಮತ್ತೆ ಬಸುರಿಯಾದಳು. ಆಗ ಆಕೆಯ ಕೈಯನ್ನು ಬಿಸಿಲಿಗೆ ಹಿಡಿದರೆ ಬೆರಳಂಚಿನಲ್ಲಿ ಬೆಳಕು ಹಾಯುತ್ತಿತ್ತು. ನೋಡಲು ಬಂದ ನೆರೆಯವರು ಥೇಟ್ ನಿಮ್ಮ ಹಿರೇ ಸೊಸೆಯ ಬಣ್ಣವೇ ಬಂತಲ್ಲ ಎಂದರು. ಹಿರೇ ಸೊಸೆ ಎಂದರೆ ನನ್ನ ಅವ್ವ. ಅವರು ಹೊಗಳಿದ್ದು. ನನಗೆ ಮಾತ್ರ ಪಡಸಾಲೆಯಲ್ಲಿ ಹೂವು ಹಾಕಿ ಕೂರಿಸಿದ ಅವ್ವ ಕಣ್ಣಿಗೆ ಬಂದಳು. ಅಂದಿನಿಂದ ಚಿಗವ್ವ ಗೋಡೆಗೆ ಒರಗಿ ಕೂತಾಗಲೆಲ್ಲ ನಾನು ಏನಾದರೂ ನೆಪ ತೆಗೆದು ಆಕೆಯನ್ನು ಎಬ್ಬಿಸುತ್ತಿದ್ದೆ.

ಆ ಬೇಸಿಗೆಯಲ್ಲಿ ಸದ್ದು ಕೇಳತೊಡಗಿತು. ಮಧ್ಯಾಹ್ನದ ಊಟವಾಗಿ ಎಲ್ಲರೂ ಅಡ್ಡಾದ ಹೊತ್ತು. ಕಾಳಿನ ಕೋಣೆಯ ಕಡೆಯಿಂದ ಕರ, ಕರ ಎಂದು ಕೆರೆಯುವ ಸದ್ದು. ನಿಲ್ಲುವುದು, ಮತ್ತೆ ಶುರುವಾಗುವುದು. ಹೆಗ್ಗಣ ಎಂದು ಅಪ್ಪ ಬೋನು ಇಟ್ಟ. ಬೋನಿನಲ್ಲಿಟ್ಟ ಕೊಬ್ಬರಿಯ ಚೂರು ಇಟ್ಟ ಹಾಗೆಯೇ ಇತ್ತು. ಒಂದು ದಿನ ನಾನು ಎದ್ದು ಹೋಗಿ ಬಾಗಿಲ ಸಂದಿಯಿಂದ ಇಣುಕಿದೆ. ಬೆಳಕಿಂಡಿಯ ಬಿಸಿಲು ಗೋಡೆಯ ಮೇಲಿತ್ತು. ಆ ಬಿಸಿಲಿನಲ್ಲಿ ಚಿಗವ್ವ ಗೋಡೆಗೆ ಮುಖ ಒತ್ತಿ ನಿಂತಿದ್ದಳು. ಕಣ್ಣು ಮುಚ್ಚಿತ್ತು. ಉಗುರಿನಿಂದ ಮಣ್ಣು ಕೆರೆದು, ಬೆರಳನ್ನು ಬಾಯಿಗಿಟ್ಟು, ಮೂಗಿನಿಂದ ಉದ್ದಕ್ಕೆ ಉಸಿರೆಳೆದುಕೊಳ್ಳುತ್ತಿದ್ದಳು. ಗೋಡೆಯಲ್ಲಿ ಆಕೆಯ ಮುಖದ ಎತ್ತರಕ್ಕೆ ಬಟ್ಟಲಿನಷ್ಟು ಗುಳಿ ಬಿದ್ದಿತ್ತು. ನಾನು ಕಂಡದ್ದು ಗೊತ್ತಾದಾಗ ಆಕೆ ಬೆಚ್ಚಲಿಲ್ಲ. ತುಟಿಯ ಮಣ್ಣನ್ನು ಸೆರಗಿನಿಂದ ಒರೆಸಿಕೊಂಡಳು.

“ಮಳಿ ಬಿದ್ದಾಗ ವಾಸನಿ ಬರತೈತಲ್ಲ, ಅದು ಇದರಾಗ ಐತಿ. ಬ್ಯಾಡ ಬ್ಯಾಡ ಅಂದ್ರೂ ಬಾಯಿ ಕೇಳವಲ್ದು ನೀಲಾ. ಯಾರಿಗೂ ಹೇಳಬ್ಯಾಡ.”

ಹೇಳುವುದಾದರೂ ಹೇಗೆ? ಅದೇ ಕೋಣೆಯಲ್ಲಿ, ಚೀಲಗಳ ಹಿಂದೆ, ಮೊಳಕಾಲಿನ ಎತ್ತರದಲ್ಲಿ ನನ್ನದೂ ಒಂದು ಗುಳಿಯಿತ್ತು. ಹಿಂದಿನ ಮಳೆಗಾಲದಿಂದ ನಾನು ತಿನ್ನುತ್ತಿದ್ದೆ. ಕೆಮ್ಮಣ್ಣು ಸಾರಿಸಿದ ಮೇಲ್ಪದರಕ್ಕಿಂತ ಒಳಗಿನ ತಣ್ಣನೆಯ ಮಣ್ಣು ರುಚಿ. ಅದು ನಾಲಗೆಗೆ ಮೊದಲು ಅಂಟಿ ಆಮೇಲೆ ಕರಗುತ್ತದೆ. ಆ ದಿನದಿಂದ ಮಧ್ಯಾಹ್ನ ನಾವಿಬ್ಬರೂ ಒಟ್ಟಿಗೆ ಹೋಗುತ್ತಿದ್ದೆವು. ಮಾತಿಲ್ಲ. ಆಕೆ ನಿಂತು, ನಾನು ಕೂತು. ಆಮೇಲೆ ಆಕೆ ನನ್ನ ಬಾಯಿ ಒರೆಸುತ್ತಿದ್ದಳು, ನಾನು ಆಕೆಯದು. ಅವ್ವ ಹೋದ ಮೇಲೆ ಯಾರ ಜೊತೆಗೂ ನನಗೆ ಅಷ್ಟು ಸಲುಗೆ ಇರಲಿಲ್ಲ. ಎರಡು ಜೀವ ಒಂದು ಮನೆಯನ್ನು ತಿನ್ನುತ್ತಿದ್ದೆವು, ಅದು ನಮಗೆ ಭಯವೆನ್ನಿಸಲಿಲ್ಲ.

ಮೆಹಬೂಬಿ ಎಂಬ ನರ್ಸಬಾಯಿ ತಿಂಗಳಿಗೊಮ್ಮೆ ನಮ್ಮೂರಿಗೆ ಬರುತ್ತಿದ್ದರು. ಬಂದ ಕೂಡಲೇ ಬಸುರಿಯರ ಕಣ್ಣಿನ ಕೆಳರೆಪ್ಪೆ ಎಳೆದು ನೋಡುವುದು ಅವರ ರೂಢಿ. ಚಿಗವ್ವನ ರೆಪ್ಪೆಯ ಒಳಗು ಕಾಗದದಷ್ಟು ಬಿಳುಪಾಗಿತ್ತು. ಕಬ್ಬಿಣದ ಗುಳಿಗೆ ಕೊಟ್ಟರು, ಮುಂದಿನ ತಿಂಗಳು ಬಂದು ಮತ್ತೆ ರೆಪ್ಪೆ ಎಳೆದರು. ಹಾಗೆಯೇ ಇತ್ತು.

“ಗುಳಿಗಿ ನುಂಗಾಕತ್ತೀಯೋ, ಒಗಿಯಾಕತ್ತೀಯೋ? ಖರೇ ಹೇಳವಾ.”

“ಖರೇನ ನುಂಗೇನ್ರಿ ಬಾಯಾರ. ಒಂದ ದಿನಾನೂ ಬಿಟ್ಟಿಲ್ಲರಿ.”

ನರ್ಸಬಾಯಿ ನಂಬಲಿಲ್ಲ, ಆಯಿಯಂತೂ ಮೊದಲೇ ನಂಬುವವಳಲ್ಲ. ಸೊಸೆ ಗುಳಿಗೆಯನ್ನು ಎಲ್ಲಿ ಎಸೆಯುತ್ತಾಳೆ ಎಂದು ಕಾಯಲು ನನ್ನನ್ನು ಹಚ್ಚಿದಳು. ನಾನು ಕಾದೆ. ಚಿಗವ್ವ ದಿನಾ ಊಟವಾದ ಮೇಲೆ ನುಂಗುತ್ತಿದ್ದಳು, ನನ್ನ ಕಣ್ಣೆದುರಿಗೇ. ಹಾಗೆಂದು ಹೇಳಿದರೆ ನೀನೂ ಆಕೆಯ ಕಡೆಯವಳೇ ಎಂದು ಆಯಿ ಬೈದಳು. ಗುಳಿಗೆ ಹುಡುಕುತ್ತ ಆಯಿ ಸ್ವತಃ ಕಾಳಿನ ಕೋಣೆ ಹೊಕ್ಕಳು. ಗುಳಿಗೆ ಸಿಗಲಿಲ್ಲ, ಗೋಡೆ ಸಿಕ್ಕಿತು. ಮೇಲಿನ ಗುಳಿಯನ್ನು ಕಂಡಳು, ಚೀಲ ಸರಿಸಿ ಕೆಳಗಿನದನ್ನೂ ಕಂಡಳು. ಎರಡೂ ಚಿಗವ್ವನವೇ ಎಂದು ನಂಬಿದಳು. ಎದ್ದು ನಿಲ್ಲಲು ಉಸಿರು ಹತ್ತುವ ಬಸುರಿ ಅಷ್ಟು ಕೆಳಗೆ ಬಗ್ಗಿ ಯಾಕೆ ತಿಂದಾಳು ಎಂದು ಯಾರಿಗೂ ಹೊಳೆಯಲಿಲ್ಲ. ಚಿಗವ್ವ ಒಮ್ಮೆ ನನ್ನತ್ತ ನೋಡಿ ತಲೆ ತಗ್ಗಿಸಿದಳು. ನಾನು ಬಾಯಿ ಬಿಡಲಿಲ್ಲ. ಆ ಒಂದು ಕ್ಷಣಕ್ಕೆ ನಾನು ಇಂದಿಗೂ ನನ್ನನ್ನು ಬೈದುಕೊಳ್ಳುತ್ತೇನೆ.

ಆಯಿಗೆ ಎಲ್ಲ ಅರ್ಥವಾದಂತಾಯಿತು. ಆ ಗೋಡೆಯ ಮಣ್ಣು ತೋಟದ್ದು, ಅಜ್ಜ ಹೊತ್ತು ತಂದು ಕಟ್ಟಿದ್ದು. ಈಕೆ ತೋಟದವ್ವನ ಮೈ ತಿನ್ನುತ್ತಿದ್ದಾಳೆ, ಅದಕ್ಕೆ ಆಕೆ ಈಕೆಯ ರಕ್ತ ಕುಡಿಯುತ್ತಿದ್ದಾಳೆ.

“ಗುಳಿಗಿ ನುಂಗಿದ್ರೂ ಅಷ್ಟ, ಬಿಟ್ರೂ ಅಷ್ಟ. ಕುಡಿಯಾಕಿ ಒಳಗ ಕುಂತಾಳ. ಐದ ಮಂಗಳವಾರ ತ್ವಾಟದಾಗ ನಡಿಬೇಕು, ಬರಿಗಾಲಿಲೆ, ಹಸೀ ಸೀರಿ ಉಟಗೊಂಡು. ಅಂದ್ರ ಬಿಡ್ತಾಳ.”

ಅಪ್ಪ, ಕಾಕಾ ಇಬ್ಬರೂ ಅಡ್ಡ ಬರಲಿಲ್ಲ. ಅವ್ವನ ಸಾವು ಕಂಡ ಮನೆ ಅದು. ಬೇಡವೆಂದು ಹೇಳಿ ಆಮೇಲೆ ಏನಾದರೂ ಆದರೆ ಎಂಬ ಅಂಜಿಕೆ ಎಲ್ಲರಿಗೂ. ಮಂಗಳವಾರ ಬೆಳಗ್ಗೆ ಚಿಗವ್ವ ಬಾವಿಯ ನೀರು ಹೊಯ್ದುಕೊಂಡು ಒದ್ದೆ ಸೀರೆಯಲ್ಲಿ ಸಾಲು ಸಾಲಾಗಿ ನಡೆಯಬೇಕು. ಹಿಂದೆ ಆರತಿಯ ತಾಟು ಹಿಡಿದು ನಾನು. ನನ್ನ ಹಿಂದೆ ಆಯಿ, ತುಟಿಯಲ್ಲೇ ಮಣಮಣ ಎನ್ನುತ್ತ. ಮಳೆಗಾಲ ಶುರುವಾಗಿತ್ತು. ಬೆರಳ ಸಂದಿಯಿಂದ ಕೆಸರು ಮೇಲೇಳುತ್ತಿತ್ತು. ಮೊದಲ ಮಂಗಳವಾರವಾದ ಮೇಲೆ ಚಿಗವ್ವನ ಎರಡೂ ಪಾದದಲ್ಲಿ ಗುಳ್ಳೆ ಎದ್ದವು. ಆಯಿ ಅದನ್ನು ಕಂಡು, ತೋಟದವ್ವ ಕೇಳಿಸಿಕೊಂಡಳು, ಮಾತಿಗೆ ಬಂದಳು ಎಂದು ಕಣ್ಣೀರು ಹಾಕಿದಳು. ಆಕೆಗೆ ಸೊಸೆ ಬದುಕುವುದು ಖಂಡಿತ ಬೇಕಿತ್ತು. ಅದನ್ನು ನಾನು ಇಲ್ಲಿ ಒತ್ತಿ ಬರೆಯಬೇಕು.

ಮೂರನೆಯ ಮಂಗಳವಾರ ಚಿಗವ್ವ ತೋಟದ ನಡುವೆ ನಿಂತುಬಿಟ್ಟಳು. ಒಂದು ನುಗ್ಗೆಯ ಬೊಡ್ಡೆಗೆ ಕೈ ಕೊಟ್ಟಳು, ಆಮೇಲೆ ಬೆನ್ನು ಕೊಟ್ಟಳು, ನಿಧಾನ ಜಾರಿ ಕೂತಳು. ತಲೆ ನೆಟ್ಟಗೇ ಇತ್ತು. ಕಣ್ಣು ಅರೆ ತೆರೆದಿತ್ತು. ಬಳ್ಳಿಯ ಹಸಿರು ಬೆಳಕು ಆ ಬಿಳೀ ಮುಖದ ಮೇಲೆ ಬಿದ್ದು ಮುಖ ಯಾರದ್ದೋ ಆಗಿತ್ತು. ಹಾಗೆ ಕೂತವರನ್ನು ನಾನು ಒಮ್ಮೆ ಕಂಡಿದ್ದೆ. ಹಿಂದೆ ಆಯಿಯ ಮಣಮಣ ನಿಂತಿರಲಿಲ್ಲ, ಆಕೆ ಕಣ್ಣು ಮುಚ್ಚಿಕೊಂಡಿದ್ದಳು. ಚಿಗವ್ವನ ತೊಡೆಯ ಮೇಲಿದ್ದ ಕೈ ಮಗುಚಿ ಅಂಗೈ ಮೇಲಾಯಿತು. ನಾನು ತಾಟು ಬಿಟ್ಟು ಕಿರುಚಿದೆ. ಆ ತೋಟದಲ್ಲಿ ಯಾರೂ ಅಷ್ಟು ಜೋರಾಗಿ ಕಿರುಚಿರಲಿಕ್ಕಿಲ್ಲ. ಕಾಕಾ ಚಪ್ಪಲಿ ಮೆಟ್ಟಿದ ಕಾಲಿನಲ್ಲೇ ಬಳ್ಳಿ ಹರಿದುಕೊಂಡು ಓಡಿ ಬಂದ.

ಟೆಂಪೋದಲ್ಲಿ ರಾಣೆಬೆನ್ನೂರಿಗೆ ಒಯ್ದೆವು. ಚಿಗವ್ವನಿಗೆ ದಾರಿಯಲ್ಲಿ ಎಚ್ಚರ ಬಂತು. ಅಲ್ಲಿದ್ದ ಡಾಕ್ಟರಬಾಯಿ ಸಣ್ಣ ಆಳು, ಬಿರುಸು ಮಾತು. ಕಣ್ಣು ನೋಡಿದರು, ಉಗುರು ನೋಡಿದರು, ನಡುವೆ ತಗ್ಗಾಗಿ ಚಮಚದಂತಾಗಿದ್ದವು. ಹೊಟ್ಟೆ ಮುಟ್ಟಿ, ಐದು ತಿಂಗಳು, ಕೂಸು ಮಿಸುಕುತ್ತಿದೆ ಎಂದರು. ನುಂಗಿದ ಗುಳಿಗೆಗಳ ಲೆಕ್ಕ ಕೇಳಿದರು. ಆಮೇಲೆ ಚಿಗವ್ವನ ಕಡೆ ಬಗ್ಗಿ ಮೆತ್ತಗೆ, ಮಣ್ಣು ತಿನ್ನುತ್ತೀಯಾ ಎಂದು ಕೇಳಿದರು. ಚಿಗವ್ವ ಬಾಗಿಲ ಕಡೆ ನೋಡಿದಳು. ಅಲ್ಲಿ ಆಯಿ ನಿಂತಿದ್ದಳು. ನನಗೆ ಎಲ್ಲಿಂದ ಧೈರ್ಯ ಬಂತೋ.

“ನಾನೂ ತಿಂತೇನ್ರಿ. ಕೆಳಗಿನ ತೂತು ನಂದು.”

ಡಾಕ್ಟರಬಾಯಿ ತಿರುಗಿ ನನ್ನನ್ನು ನೋಡಿದರು. ನನ್ನ ರೆಪ್ಪೆ ಎಳೆದರು. ಎದ್ದು ಹೋಗಿ ಆಯಿಯ ರೆಪ್ಪೆಗೆ ಕೈ ಹಾಕಿದರು, ಆಯಿ ಆ ಕೈಯನ್ನು ತಳ್ಳಿದಳು. ಆಗ ಅವರು ನೆಲದ ಮೇಲೆ ಕೂತು ಚಿಗವ್ವನ ಪಾದ ಎತ್ತಿ ಬೆರಳ ಸಂದಿ ಬಿಡಿಸಿ ನೋಡಿದರು, ಆಮೇಲೆ ನನ್ನದು. ಎಲ್ಲಿ ಬರಿಗಾಲಲ್ಲಿ ಓಡಾಡುತ್ತೀರಿ, ಚರಿಗೆ ಹಿಡಿದು ಎಲ್ಲಿಗೆ ಹೋಗುತ್ತೀರಿ ಎಂದು ಕಾಕಾನನ್ನು ಕೇಳಿದರು. ಕಾಕಾ ಹೇಳಿದ. ತೋಟದೊಳಗೆ ಯಾರೂ ಹೊಲಸು ಮಾಡುವುದಿಲ್ಲ, ಬಲು ಮಡಿ. ಹೋಗುವುದು ಬೇಲಿಯ ಹಿಂದೆ, ಕಾಲುವೆಯ ದಂಡೆಗೆ. ಆ ಕಾಲುವೆಯ ನೀರು ಎಲ್ಲಿ ಹೋಗುತ್ತದೆ ಎಂದು ಕೇಳಿದರು. ತೋಟಕ್ಕೆ ಎಂದು ಹೇಳಿ ಕಾಕಾ ತನ್ನ ಮಾತಿಗೆ ತಾನೇ ನಿಂತುಬಿಟ್ಟ.

ಮಲ ಪರೀಕ್ಷೆ ಆಗಬೇಕೆಂದರು. ಚಿಗವ್ವನನ್ನು ಅಲ್ಲೇ ಇಟ್ಟುಕೊಂಡರು, ಜೊತೆಗೆ ಆಯಿ ಉಳಿದಳು. ನನ್ನದನ್ನು ಮರುದಿನ ಬೆಳಗ್ಗೆ ಕಡ್ಡಿಪೆಟ್ಟಿಗೆಯಲ್ಲಿ ಹಾಕಿ, ಪ್ಲಾಸ್ಟಿಕ್ ಸುತ್ತಿ, ಕಾಕಾ ಅಂಗಿಯ ಜೇಬಿನಲ್ಲಿಟ್ಟುಕೊಂಡು ನನ್ನ ಜೊತೆ ಬಸ್ಸು ಹತ್ತಿದ. ಅಷ್ಟು ಜೋಪಾನವಾಗಿ ಏನು ಒಯ್ಯುತ್ತೀರಿ ಎಂದು ಪಕ್ಕದ ಹೆಂಗಸು ಕೇಳಿದಳು. ಮುರಿದ ಮೂಗುತಿ, ಅಕ್ಕಸಾಲಿಗನ ಹತ್ತಿರ ಎಂದ ಕಾಕಾ. ತೆಗೆದು ತೋರಿಸಿ ಎಂದಳು ಪುಣ್ಯಾತ್ಮಗಿತ್ತಿ. ನಾನು ಕಿಟಕಿಯತ್ತ ತಿರುಗಿ ನಕ್ಕೆ. ಎಷ್ಟೋ ದಿನಗಳ ಮೇಲೆ ಬಂದ ನಗು ಅದು. ಲ್ಯಾಬಿನ ಗುಮಾಸ್ತನಂಥ ಮನುಷ್ಯ ಗಾಜಿನ ಪಟ್ಟಿಯ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ಬಹಳ ಹೊತ್ತು ನೋಡಿ, ಬಾ ನೋಡು ಎಂದು ನನ್ನನ್ನು ಸ್ಟೂಲಿನ ಮೇಲೆ ನಿಲ್ಲಿಸಿದ. ಮೊದಲು ಬರೀ ಬೆಳಕು. ಆಮೇಲೆ ಕಂಡವು. ಉದ್ದುದ್ದ ಗುಂಡಗೆ, ಸಿಪ್ಪೆ ಗಾಜಿನಷ್ಟು ತೆಳು, ಪ್ರತಿಯೊಂದರ ಒಳಗೆ ನಾಲ್ಕಾರು ಬೂದು ಬಣ್ಣದ ಉಂಡೆ. ಮೊಟ್ಟೆಗಳು ಎಂದ. ಒಂದೂ ಅಲುಗುತ್ತಿರಲಿಲ್ಲ. ಎಲ್ಲವೂ ಸುಮ್ಮನೆ ಕಾಯುತ್ತಿದ್ದವು. ಇವು ನನ್ನೊಳಗಿನಿಂದ ಬಂದವೇ ಎಂದು ಕೇಳಿದೆ. ಚಿಗವ್ವನವೂ ಹೀಗೇ ಇವೆ ಎಂದ.

ಕೊಕ್ಕೆಹುಳ ಎಂದರು ಡಾಕ್ಟರಬಾಯಿ. ಅವರು ಹೇಳಿದ್ದನ್ನು ನಾನು ಬಾಯಿ ತೆರೆದು ಕೇಳಿದೆ. ಮೊಟ್ಟೆ ಹಸಿ ನೆರಳಿನ ಮಣ್ಣಿನಲ್ಲಿ ಒಡೆಯುತ್ತದೆ. ಕಣ್ಣಿಗೆ ಕಾಣದ ಮರಿ, ಬರಿಗಾಲು ತಾಗುವುದನ್ನೇ ಕಾದು ಚರ್ಮ ತೂರುತ್ತದೆ. ಆಗ ಏಳುವುದೇ ಆ ಗುಳ್ಳೆ. ರಕ್ತದಲ್ಲಿ ತೇಲಿ ಎದೆಗೆ ಹೋಗುತ್ತದೆ, ಗಂಟಲಿಗೆ ಏರುತ್ತದೆ, ನಾವೇ ಉಗುಳಿನ ಜೊತೆ ನುಂಗುತ್ತೇವೆ. ಆಮೇಲೆ ಕರುಳಿಗೆ ಬಾಯಿ ಕಚ್ಚಿ ದಾರದಷ್ಟು ಸಣ್ಣ ಹುಳ ವರ್ಷಗಟ್ಟಲೆ ರಕ್ತ ಹೀರುತ್ತ ಕೂರುತ್ತದೆ. ನೋವಿಲ್ಲ, ಹೊರಗೆ ಏನೂ ಕಾಣುವುದಿಲ್ಲ. ಮೈ ಬಿಳಿಚಿಕೊಳ್ಳುತ್ತದೆ, ಅಷ್ಟೇ. ಕಬ್ಬಿಣ ಕಡಿಮೆಯಾದ ಮೈ ಎಷ್ಟೋ ಸಲ ಮಣ್ಣು ಬೇಡುತ್ತದೆ.

“ತೂತ ಬಿದ್ದ ಕೊಡಕ್ಕ ನೀರ ಹಾಕಾಕತ್ತಿದ್ರಿ. ಈ ಹುಡಿಗಿ ಒಂದ ಗುಳಿಗಿನೂ ಒಗದಿಲ್ಲ.”

ಕುಡಿಯುವವಳು ಒಳಗೆ ಕೂತಿದ್ದಾಳೆ ಎಂದು ಆಯಿ ಹೇಳಿದ್ದಳಲ್ಲ, ಅದು ಅಕ್ಷರಶಃ ನಿಜವಾಗಿತ್ತು. ಆಕೆಯನ್ನು ಬಿಡಿಸಲು ನಾವು ಒದ್ದೆ ಸೀರೆಯಲ್ಲಿ ಬರಿಗಾಲಲ್ಲಿ ಚಿಗವ್ವನನ್ನು ನಡೆಸಿದ್ದೆವು. ಬಸುರಿಗೆ ಮೂರು ತಿಂಗಳು ದಾಟಿದ್ದರಿಂದ ಹುಳದ ಗುಳಿಗೆ ಕೊಡಬಹುದು, ಆದರೆ ಮೈಗೆ ರಕ್ತ ಬರಲು ಹೊತ್ತು ಬೇಕು, ಹೆರಿಗೆಯ ಒಳಗೆ ಬರುತ್ತದೋ ಇಲ್ಲವೋ ಹೇಳಲಾರೆ ಎಂದರು ಡಾಕ್ಟರಬಾಯಿ. ಕೊನೆಗೆ, ಈ ಮನೆಗೆ ಬಂದ ಹೆಣ್ಣುಮಕ್ಕಳೆಲ್ಲ ಹೀಗೇ ಬೆಳ್ಳಗಾಗುತ್ತಾರೇನು ಎಂದು ಆಯಿಯನ್ನೇ ಕೇಳಿದರು. ಕಂಡಕಂಡವರಿಗೆಲ್ಲ ಅದನ್ನು ಹೇಳಿಕೊಂಡು ಬಂದಿದ್ದ ಆಯಿ ಅಂದು ಮುಖ ತಿರುಗಿಸಿ ಹೊರಗೆ ನಡೆದಳು.

ಕಾಕಾ ತೋಟದ ಬಾಯಿಯಲ್ಲಿ ಹತ್ತು ಜೊತೆ ರಬ್ಬರ್ ಚಪ್ಪಲಿ ತಂದು ಸಾಲಾಗಿ ಇಟ್ಟ. ಮನೆಯಲ್ಲಿ ಜಗಳವಾಯಿತು. ತೋಟ ಒಣಗಿದರೆ ಯಾರು ಹೊಣೆ ಎಂದು ಅಪ್ಪ, ಹೆಂಡತಿ ಹೋದರೆ ಯಾರು ಹೊಣೆ ಎಂದು ಕಾಕಾ. ಆ ಮಾತಿಗೆ ಅಪ್ಪ ಎದ್ದು ಹೋಗಿ, ಸ್ವಲ್ಪ ಹೊತ್ತಿನ ಮೇಲೆ ತಾನೇ ಮೊದಲು ಚಪ್ಪಲಿ ಮೆಟ್ಟಿ ತೋಟ ಹೊಕ್ಕ. ಕಾಲುವೆ ದಂಡೆಗೆ ಮುಳ್ಳು ಬಡಿದು, ಹಿತ್ತಲಲ್ಲಿ ಗುಂಡಿ ತೆಗೆಸಿ ಪಾಯಖಾನೆ ಕಟ್ಟಿಸಿದರು. ಮೆಹಬೂಬಿ ನರ್ಸಬಾಯಿ ಬಂದು ಚಿಗವ್ವನ ಕೈ ಹಿಡಿದು, ನಿನ್ನ ಮೇಲೆ ಸುಮ್ಮನೆ ಅನುಮಾನಪಟ್ಟೆ ತಂಗಿ ಎಂದು ಕಣ್ಣು ಒರೆಸಿಕೊಂಡರು. ಎಲ್ಲರಿಗೂ ಹುಳದ ಗುಳಿಗೆ ಕೊಟ್ಟರು. ಆಯಿ ಆಮೇಲೆ ನುಂಗುತ್ತೇನೆ ಎಂದು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಚಿಗವ್ವನ ತುಟಿಗೆ ಬಣ್ಣ ಬರತೊಡಗಿತು, ಆದರೆ ತಡವಾಗಿ. ಹೆರಿಗೆಗೆ ಹಾವೇರಿಗೆ ಒಯ್ದಾಗ ರಕ್ತ ಇನ್ನೂ ಸಾಲದು, ಒಂದು ಬಾಟಲಿಯಾದರೂ ಕೈಯಲ್ಲಿರಬೇಕು ಎಂದರು. ಕಾಕಾ ತೋಳು ಚಾಚಿದ. ಪರೀಕ್ಷೆ ಮಾಡಿ, ನಿಮಗೇ ಸಾಲದು ಎಂದು ವಾಪಸು ಕಳಿಸಿದರು. ಅಪ್ಪ ಚಾಚಿದ. ಅವನಿಗೂ ಅದೇ ಮಾತು. ಅಷ್ಟು ದೊಡ್ಡ ಮನೆಯಲ್ಲಿ ಕೊಡಲು ಒಂದು ಬಾಟಲಿ ರಕ್ತ ಇರಲಿಲ್ಲ. ಬ್ಯಾಡಗಿಯಿಂದ ಚಿಗವ್ವನ ತಮ್ಮ ಸಿಕ್ಕ ಲಾರಿ ಹತ್ತಿ ಬಂದು ಕೊಟ್ಟ. ಆಯಿ ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ಬೆಳಗ್ಗೆಯಿಂದ ಕೂತಲ್ಲಿಂದ ಕದಲಿರಲಿಲ್ಲ. ನಾನು ಒಳಗಿನಿಂದ ಓಡಿ ಬಂದಾಗ ಗಂಡೋ ಹೆಣ್ಣೋ ಎಂದು ಕೇಳಲಿಲ್ಲ.

“ಗಿರಿಜಾನ್ನ ಕುಂದ್ರಿಸ್ಯಾರೇನು?”

ಅವಳ ದನಿ ಕೇಳಿ ನನಗೆ ಅಳು ಬಂತು. ಇಲ್ಲ ಆಯಿ, ಮಲಗಿದ್ದಾಳೆ, ನೀರು ಕೇಳಿದಳು, ಹೆಣ್ಣು ಕೂಸು ಎಂದೆ. ಆಯಿ ಎರಡೂ ಕೈಯಿಂದ ಬೆಂಚನ್ನು ಹಿಡಿದುಕೊಂಡಳು.

ಕೂಸು ಥೇಟ್ ಮದುವೆಯಾಗಿ ಬಂದಾಗಿನ ಚಿಗವ್ವನ ಕಪ್ಪು. ಮನೆಗೆ ಬಂದ ಮೇಲೆ ಎಲ್ಲವೂ ಸರಿಯಾಗಿತ್ತು, ಆಯಿಯೊಬ್ಬಳನ್ನು ಬಿಟ್ಟು. ಆಕೆ ಚಪ್ಪಲಿಯ ಸಾಲು ದಾಟಿ ಬರಿಗಾಲಲ್ಲೇ ತೋಟಕ್ಕೆ ಹೋಗುತ್ತಿದ್ದಳು. ಸೆರಗಿನ ಗುಳಿಗೆ ಸೀರೆ ತೊಳೆಯುವಾಗ ಕರಗಿ ಹೋಯಿತು. ನರ್ಸಬಾಯಿ ಇನ್ನೊಂದು ಕೊಟ್ಟರು, ಅದೂ ಕರಗಿತು. ಮಾತಿಗೆ ಮುಂಚೆ ಏದುಸಿರು, ಪಾದದಲ್ಲಿ ಬಾವು. ಇಡೀ ಮನೆಯಲ್ಲಿ ಆಕೆಯೇ ಎಲ್ಲರಿಗಿಂತ ಬೆಳ್ಳಗಿದ್ದಳು ಎಂದು ನನಗೆ ಆಗ ಕಂಡಿತು. ಐವತ್ತು ವರ್ಷ ಆ ಮಣ್ಣು ತುಳಿದವಳು. ಮೂರನೆಯ ಗುಳಿಗೆಯನ್ನು ನರ್ಸಬಾಯಿ ನನ್ನ ಕೈಗೆ ಕೊಟ್ಟು, ನೀನೇ ಏನಾದರೂ ಮಾಡು ಎಂದರು. ಬೆಳಗಿನ ಹೊತ್ತು ಆಯಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತ, ನಡುವೆ ಕೈ ನಿಲ್ಲಿಸಿ ಗೋಡೆಗೆ ಒರಗಿದ್ದಳು. ನಾನು ಅಂಗೈ ಚಾಚಿದೆ. ಆಕೆ ಗುಳಿಗೆಯನ್ನೇ ನೋಡಿದಳು.

“ಇದನ್ನ ನುಂಗಿದ್ರ ಆ ಡಾಕ್ಟರಬಾಯಿ ಹೇಳಿದ್ದು ಖರೇ ಅಂತ ಒಪ್ಪಿದಂಗ.”

“ಖರೇನ ಐತಿ ಆಯಿ.”

“ಖರೇ ಆದ್ರ, ನಿಮ್ಮವ್ವನ್ನ ಚಪ್ಪಲಿ ಬಿಡಿಸಿ ಕರಕೊಂಡ ಹೋದಾಕಿ ನಾನ. ತುಂಬಿದ ಬಸುರಿದ್ದಾಗೂ ಮಂಗಳವಾರ ಮಂಗಳವಾರ ನಡಿಸೇನಿ. ಕಾಲ ಎತ್ತಾಕ ಆಗವಲ್ದು, ಒಲ್ಲೆ ಅತ್ತಿ ಅಂದಿದ್ಲು ಆಕಿ. ರಟ್ಟಿ ಹಿಡಿದು ಎಬ್ಬಿಸೇನಿ.”

ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಅವ್ವ ಒಲ್ಲೆ ಎಂದದ್ದು ಮನೆಯಲ್ಲಿ ಬೇರೆ ಯಾರಿಗೂ ಗೊತ್ತಿರಲಿಲ್ಲವೆಂದು ಆಮೇಲೆ ತಿಳಿಯಿತು. ಹಂಚಿನ ಮೇಲಿನ ರೊಟ್ಟಿ ಸೀದು ವಾಸನೆ ಬರುತ್ತಿತ್ತು, ಇಬ್ಬರೂ ತೆಗೆಯಲಿಲ್ಲ. ಆ ಗುಳಿಗೆಯನ್ನು ಒಲೆಗೆ ಹಾಕಿಬಿಡಬೇಕು, ಆ ಹುಳಗಳು ಈಕೆಯನ್ನೂ ಕುಡಿದು ಮುಗಿಸಲಿ ಎಂದು ನನಗೆ ಅನ್ನಿಸಿತು. ನಿಜವಾಗಿ ಅನ್ನಿಸಿತು. ಹತ್ತು ವರ್ಷದವಳಿಗೆ ಅಷ್ಟು ಸಿಟ್ಟು ಇರಬಾರದು, ನನಗಿತ್ತು. ಆಯಿ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಏನು ಮಾಡಿದರೂ ಸರಿ ಎಂದು ಬಿಟ್ಟುಕೊಟ್ಟವಳ ಹಾಗೆ. ಅಲ್ಲೇ ತಂಬಿಗೆಯಲ್ಲಿ ನೀರಿತ್ತು. ತೆಗೆದುಕೊಂಡು ಆಕೆಯ ಮುಂದೆ ಹಿಡಿದೆ. ಕ್ಷಮಿಸಿದೆ ಎಂದಲ್ಲ. ಆ ಮನೆಯಲ್ಲಿ ಇನ್ನೊಬ್ಬರನ್ನು ಗೋಡೆಗೆ ಆನಿಸಿ ಕೂರಿಸುವುದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ.

“ನುಂಗು,” ಎಂದೆ.

ಆಯಿ ನುಂಗಿದಳು. ಒಂದು ಗುಟುಕಿಗೆ ಇಳಿಯಲಿಲ್ಲ, ಮತ್ತೊಮ್ಮೆ ನೀರು ಕೊಟ್ಟೆ. ಆಮೇಲೆ ಆಕೆ ನಾನು ಕೇಳದೆಯೇ ಬಾಯಿ ಅಗಲಿಸಿ, ಬಿಳೀ ನಾಲಗೆ ಎತ್ತಿ, ಎಲ್ಲೂ ಅಡಗಿಸಿಟ್ಟಿಲ್ಲ ಎಂದು ನನಗೆ ತೋರಿಸಿದಳು.